ಗೋಡೆ ಬೀಳುವ ಮೊದಲು ದೊರೆಯುವ ಹಣ

ಮಳೆಗಾಲ ಕಾಲಿಟ್ಟು ನಾಲ್ಕು ವಾರ ಕಳೆಯುವಷ್ಟರಲ್ಲಿ ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ಒಂದೇ ಬಗೆಯ ಸುದ್ದಿಗಳು ಸಾಲುಸಾಲಾಗಿ ಬರತೊಡಗುತ್ತವೆ. ಒಂದೂರಿನಲ್ಲಿ ದರೆ ಜರಿದು ಮನೆಗೆ ಹಾನಿ. ಇನ್ನೊಂದು ಕಡೆ ತೋಡು ಉಕ್ಕಿ ಅಡಿಕೆ ತೋಟ ಜಲಾವೃತ. ಮತ್ತೊಂದು ಕಡಲತಡಿಯಲ್ಲಿ ತೆಂಗಿನ ಮರಗಳು ಸಮುದ್ರಪಾಲು. ಸುದ್ದಿಯ ಕೊನೆಯ ವಾಕ್ಯವೂ ಬಹುಮಟ್ಟಿಗೆ ಒಂದೇ: ಅಧಿಕಾರಿಗಳು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದರು, ಪರಿಹಾರದ ಭರವಸೆ ನೀಡಿದರು.

ಈ ಪರಿಹಾರವನ್ನು ನಾವು ಹಳಿಯುತ್ತಿಲ್ಲ. ಮನೆ ಕಳೆದುಕೊಂಡವರ ಕೈಗೆ ನಾಲ್ಕು ಕಾಸು ಬೀಳುವುದು ನ್ಯಾಯವೇ ಸರಿ. ವಿಪತ್ತಿನಲ್ಲಿ ಒಂದು ಪ್ರಾಣ ಹೋದರೆ ವಾರಸುದಾರರಿಗೆ 4 ಲಕ್ಷ ರೂಪಾಯಿ ಎಂದು ಕೇಂದ್ರ ಸರಕಾರದ 2022ರ ಮಾನದಂಡಗಳು ಗೊತ್ತುಪಡಿಸಿದವು. ದುಃಖದಲ್ಲಿರುವ ಕುಟುಂಬಕ್ಕೆ ಅದೂ ಒಂದು ಆಸರೆಯೇ. ಆದರೆ ಬಿದ್ದ ಗೋಡೆಯನ್ನು ಅದೇ ದರೆಯ ಬುಡದಲ್ಲಿ ಮತ್ತೆ ಎಬ್ಬಿಸುವುದಕ್ಕೆ ಕೊಡುವ ಹಣ ಬೇರೆ, ಗೋಡೆ ಬೀಳದಂತೆ ಮಾಡುವುದಕ್ಕೆ ಮೊದಲೇ ಕೊಡುವ ಹಣ ಬೇರೆ. ಈ ಎರಡನೆಯ ಬಗೆಯ ಹಣವನ್ನೂ ಸರಕಾರ ಕಾನೂನಿನ ಮೂಲಕವೇ ತೆಗೆದಿರಿಸಿದೆ ಎಂಬ ವಿಷಯ ನಮ್ಮ ಕುಟುಂಬಗಳಲ್ಲಿ ಹೆಚ್ಚಿನವರ ಗಮನಕ್ಕೆ ಬಂದಂತೆ ಕಾಣುವುದಿಲ್ಲ. ಆದುದರಿಂದ ಈ ವಾರ ಅದರ ಕುರಿತು ತುಸು ವಿವರವಾಗಿ ಬರೆಯಬೇಕೆಂದು ಅನಿಸಿತು.

2004ರ ಡಿಸೆಂಬರ್ 26ರ ಸುನಾಮಿ ನಮ್ಮ ದೇಶದ ಪೂರ್ವ ಹಾಗೂ ದಕ್ಷಿಣ ತೀರಗಳನ್ನು ನುಂಗಿದ ಮರುವರ್ಷ ಸಂಸತ್ತು ವಿಪತ್ತು ನಿರ್ವಹಣಾ ಕಾಯ್ದೆಯನ್ನು ಅಂಗೀಕರಿಸಿತು. ಆ ಕಾಯ್ದೆ ಎರಡು ಬಗೆಯ ನಿಧಿಗಳನ್ನು ಹೇಳುತ್ತದೆ. ಮೊದಲನೆಯದು ಸ್ಪಂದನಾ ನಿಧಿ. ವಿಪತ್ತು ಎರಗಿದ ಮೇಲೆ ರಕ್ಷಣೆ, ಗಂಜಿಕೇಂದ್ರ, ಪರಿಹಾರ ಇತ್ಯಾದಿಗಳಿಗೆ. ಎರಡನೆಯದು ಉಪಶಮನ ನಿಧಿ. ಮುಂದೆ ಬರಬಹುದಾದ ಹಾನಿಯನ್ನು ಈಗಲೇ ತಗ್ಗಿಸುವುದಕ್ಕೆ. ಮೊದಲನೆಯದು 2010ರಲ್ಲಿ ಕಾರ್ಯರೂಪಕ್ಕೆ ಬಂತು. ಎರಡನೆಯದು ಕಾಗದದ ಮೇಲೆಯೇ ಉಳಿಯಿತು. ಬರಗಾಲದ ಸಂಬಂಧ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ, ರಾಷ್ಟ್ರೀಯ ಉಪಶಮನ ನಿಧಿಯನ್ನು ಮೂರು ತಿಂಗಳೊಳಗೆ ಸ್ಥಾಪಿಸಬೇಕೆಂದು 2016ರ ಮೇ ತಿಂಗಳಲ್ಲಿ ನ್ಯಾಯಾಲಯ ಆಜ್ಞಾಪಿಸಿತು. ಅದು ಸ್ಥಾಪನೆಯಾದದ್ದು 2021ರಲ್ಲಿ. ಕಾನೂನು ಹುಟ್ಟಿ ನಿಧಿ ಹುಟ್ಟುವುದಕ್ಕೆ ಹದಿನಾರು ವರ್ಷ! ವಿಪತ್ತುಗಳು ಮಾತ್ರ ಇಷ್ಟು ತಾಳ್ಮೆಯಿಂದ ಕಾಯಲಿಲ್ಲ.

ನಿಧಿಗೆ ಜೀವ ಬಂದದ್ದು ಎನ್.ಕೆ. ಸಿಂಗ್ ಅವರ ಅಧ್ಯಕ್ಷತೆಯ 15ನೆಯ ಹಣಕಾಸು ಆಯೋಗದ ಶಿಫಾರಸಿನಿಂದ. 2021ರಿಂದ 2026ರ ಮಾರ್ಚ್‌ವರೆಗಿನ ಐದು ವರ್ಷಗಳಿಗೆ ಎಲ್ಲ ರಾಜ್ಯಗಳ ವಿಪತ್ತು ನಿಧಿಗೆಂದು ಆಯೋಗ 1,60,153 ಕೋಟಿ ರೂಪಾಯಿಗಳನ್ನು ಲೆಕ್ಕಹಾಕಿ, ಅದರಲ್ಲಿ ಐದರಲ್ಲೊಂದು ಪಾಲನ್ನು, ಅಂದರೆ ಸುಮಾರು 32,031 ಕೋಟಿಯನ್ನು ಉಪಶಮನಕ್ಕೆಂದೇ ಬೇರ್ಪಡಿಸಿತು. ನಮ್ಮಂತಹ ರಾಜ್ಯಗಳಿಗೆ ನೂರಕ್ಕೆ 75 ಪಾಲು ಕೇಂದ್ರದ್ದು, 25 ಪಾಲು ರಾಜ್ಯದ್ದು. ಈಶಾನ್ಯದ ಹಾಗೂ ಹಿಮಾಲಯದ ರಾಜ್ಯಗಳಿಗೆ ಕೇಂದ್ರದ ಪಾಲು 90. ಈ ಲೆಕ್ಕದಲ್ಲಿ ಕರ್ನಾಟಕದ ಉಪಶಮನ ನಿಧಿಗೆ ವರ್ಷವೊಂದಕ್ಕೆ 200 ಕೋಟಿ ರೂಪಾಯಿಗಿಂತ ತುಸು ಹೆಚ್ಚೇ ಬೀಳುತ್ತದೆ. ಇದಲ್ಲದೆ ರಾಷ್ಟ್ರೀಯ ಉಪಶಮನ ನಿಧಿಗೆಂದು 13,693 ಕೋಟಿ ಪ್ರತ್ಯೇಕ. ಅದರಲ್ಲಿ ನಗರಗಳ ನೆರೆ ತಡೆಯಲು ಬೆಂಗಳೂರಿಗೆ 250 ಕೋಟಿ, ಸವೆತ ತಡೆಯಲು ದೇಶಕ್ಕೆಲ್ಲ 1,500 ಕೋಟಿ ಎಂದು ಹೆಸರಿಟ್ಟು ತೆಗೆದಿರಿಸಲಾಯಿತು. 2026ರ ಏಪ್ರಿಲ್‌ನಿಂದ ಮುಂದಿನ ಐದು ವರ್ಷಗಳ ಲೆಕ್ಕ 16ನೆಯ ಆಯೋಗಕ್ಕೆ ಸೇರಿದುದು.

ಐದರಲ್ಲೊಂದು ಪಾಲು ಎಂದೊಡನೆ ಆದಿಕಾಂಡವನ್ನು ಓದಿದವರಿಗೆ ಈಜಿಪ್ಟಿನ ಜೋಸೆಫ್ ನೆನಪಾಗಬಹುದು. ಸುಭಿಕ್ಷದ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಕಣಜಕ್ಕೆ ತುಂಬಿಸಬೇಕೆಂದು ಆತ ಫರೋಹನಿಗೆ ಸಲಹೆಯಿತ್ತನು. ಆಯೋಗದ ಸದಸ್ಯರು ಅದನ್ನು ನೋಡಿಯೇ ಬರೆದರೆಂದು ನಾವು ಹೇಳುವುದಿಲ್ಲ. ಆದರೂ ಹೋಲಿಕೆ ಸೊಗಸಾಗಿದೆ.

ಇನ್ನು, ಕಡಲತಡಿಯ ವಾಚಕರಿಗೆ ಬೇಸರ ತರಿಸಬಹುದಾದ ಒಂದು ಅಂಶ. ಈ ನಿಧಿಯಿಂದ ತಡೆಗೋಡೆ ಕಟ್ಟುವಂತಿಲ್ಲ. ಸಮುದ್ರದ ತಡೆಗೋಡೆ, ನದಿಯ ದೊಡ್ಡ ಏರಿ ಮುಂತಾದ ಭಾರೀ ಕಾಮಗಾರಿಗಳು ಸರಕಾರದ ಸಾಮಾನ್ಯ ಅಭಿವೃದ್ಧಿ ಯೋಜನೆಗಳಿಂದ ಆಗಬೇಕು. ಉಪಶಮನ ನಿಧಿಯು ಸ್ಥಳೀಯ ಮಟ್ಟದ, ಜನಸಮುದಾಯವೇ ಪಾಲುಗೊಳ್ಳುವ, ಪರಿಸರಕ್ಕೆ ಹೊಂದುವ ಕೆಲಸಗಳಿಗೆ ಮೀಸಲು ಎಂದು ಆಯೋಗ ಸ್ಪಷ್ಟವಾಗಿ ಹೇಳಿತು. ನಮ್ಮ ಜನರಿಗೆ ಕಡಲ್ಕೊರೆತವೆಂದರೆ ಬಂಡೆಕಲ್ಲು, ಬಂಡೆಕಲ್ಲೆಂದರೆ ಗುತ್ತಿಗೆದಾರ. ಲಾರಿಗಟ್ಟಲೆ ಕಲ್ಲು ತಂದು ಸುರಿದಾಗ ಏನೋ ನಡೆಯಿತೆಂಬ ಸಮಾಧಾನ ಎಲ್ಲರಿಗೂ ಆಗುತ್ತದೆ. ಎರಡು ಮಳೆಗಾಲ ಕಳೆಯುವಾಗ ಕಲ್ಲು ಹೊಯಿಗೆಯೊಳಗೆ ಇಳಿದಿರುತ್ತದೆ, ಬೇಡಿಕೆ ಮತ್ತೆ ಮೇಲೆದ್ದಿರುತ್ತದೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ನೀರಿನೊಳಗೇ ದಂಡೆ ಕಟ್ಟುವಂತಹ ದೊಡ್ಡ ಕೆಲಸ ನಡೆಯಿತು. ಹಾಗಿದ್ದೂ ಅಲ್ಲಿಂದ ತೆಂಕಕ್ಕೆ ಉಚ್ಚಿಲದ ಬಟ್ಟಪಾಡಿಯ ಕಡೆ ಇತ್ತೀಚಿನ ವರ್ಷಗಳಲ್ಲೂ ಕಡಲು ರಸ್ತೆಯನ್ನು ಕಬಳಿಸಿದೆ. ಒಂದು ಕಡೆ ಅಲೆಯನ್ನು ತಡೆದರೆ ತೀರದುದ್ದಕ್ಕೂ ಸಾಗುವ ಹೊಯಿಗೆಯ ಲೆಕ್ಕ ಇನ್ನೊಂದು ಕಡೆ ಏರುಪೇರಾಗುವುದು ತೀರಶಾಸ್ತ್ರದಲ್ಲಿ ಹೊಸ ಮಾತಲ್ಲ. ಆದುದರಿಂದ ಆಯೋಗದ ನಿರ್ಬಂಧವನ್ನು ನಾವು ಜಿಪುಣತನವೆಂದು ಬಗೆಯುವುದಿಲ್ಲ. ಅಳಿವೆಯ ಬದಿಯಲ್ಲಿ ಕಾಂಡ್ಲಾ ಗಿಡ ನೆಡುವುದು, ದಂಡೆಯ ಬಳ್ಳಿಗಳನ್ನು ಉಳಿಸುವುದು, ಮುಚ್ಚಿಹೋದ ತೋಡುಗಳನ್ನು ಬಿಡಿಸುವುದು: ಇವು ಛಾಯಾಚಿತ್ರಕ್ಕೆ ಒಗ್ಗುವ ಕೆಲಸಗಳಲ್ಲ. ಆದರೆ ಸಣ್ಣ ನಿಧಿಯಿಂದ ಆಗುವಂತಹವು, ಊರಿನವರ ಕೈಯಿಂದಲೇ ಆಗುವಂತಹವು.

ಇಲ್ಲಿ ತತ್ತ್ವಶಾಸ್ತ್ರದ ಹಳೆಯದೊಂದು ಜಗಳವನ್ನು ಜ್ಞಾಪಿಸಿಕೊಳ್ಳುವುದು ಅಪ್ರಸ್ತುತವಾಗಲಾರದು. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ, ಜನರು ದೇವಾಲಯಗಳಲ್ಲಿ ನೆರೆದಿದ್ದ ಹೊತ್ತಿಗೆ ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪಕ್ಕೆ ತುತ್ತಾಯಿತು. ಬಳಿಕ ಕಡಲು ಏರಿ ಬಂತು, ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರು ಹತ್ತಾರು ಸಾವಿರ. ಯೂರೋಪಿನ ಪಂಡಿತರೆಲ್ಲ ದೇವರ ಒಳ್ಳೆಯತನದ ಕುರಿತು ವಾದಕ್ಕಿಳಿದರು; ವೋಲ್ಟೇರ್ ಒಂದು ಕಹಿಯಾದ ಕವನವನ್ನೇ ಬರೆದ. ಮರುವರ್ಷ ಅವನಿಗೆ ಪತ್ರ ಬರೆದ ರೂಸೋ ಮಾತ್ರ ವಾದದ ದಿಕ್ಕನ್ನೇ ಬದಲಿಸಿದ. ಅವನ ಮಾತಿನ ತಾತ್ಪರ್ಯ ಇಷ್ಟು: ಅಷ್ಟೊಂದು ಅಂತಸ್ತಿನ ಸಾವಿರಾರು ಮನೆಗಳನ್ನು ಆ ಇಕ್ಕಟ್ಟಿನಲ್ಲಿ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ. ನೆಲ ನಡುಗುವುದು ನಮ್ಮ ಕೈಯಲ್ಲಿಲ್ಲ. ನಡುಗುವ ನೆಲದ ಮೇಲೆ ಹೇಗೆ, ಎಲ್ಲಿ ಕಟ್ಟುತ್ತೇವೆ ಎಂಬುದು ನಮ್ಮದೇ ಆಯ್ಕೆ.

ಆಗ ಪೋರ್ಚುಗಲ್ಲಿನ ಮಂತ್ರಿಯಾಗಿದ್ದವನು, ಮುಂದೆ ಪೊಂಬಾಲ್ ಎಂಬ ಬಿರುದಿನಿಂದ ಪ್ರಸಿದ್ಧನಾದವನು. ಜೆಸ್ವಿತ ಗುರುಗಳನ್ನು ದೇಶದಿಂದ ಹೊರದೂಡಿದ ಈತನನ್ನು ಹೊಗಳುವ ಋಣ ನಮಗೇನೂ ಇಲ್ಲ. ಆದರೂ ಸತ್ಯವನ್ನು ಹೇಳಲೇಬೇಕು. ಬಿದ್ದ ನಗರವನ್ನು ಬಿದ್ದಂತೆಯೇ ಕಟ್ಟಲು ಆತ ಬಿಡಲಿಲ್ಲ. ಬೀದಿಗಳನ್ನು ಅಗಲಗೊಳಿಸಿದ, ಗೋಡೆಗಳೊಳಗೆ ಮರದ ತೊಲೆಗಳ ಪಂಜರ ಹೂಡಿ ಕಂಪನಕ್ಕೆ ಬಾಗಿ ನಿಲ್ಲುವ ಮನೆಗಳನ್ನು ಕಟ್ಟಿಸಿದ. ಆ ಮನೆಗಳಲ್ಲಿ ಹಲವು ಇಂದಿಗೂ ನಿಂತಿವೆ. ಅದೇ ಸಮಯದಲ್ಲಿ ಮಲಗ್ರಿದಾ ಎಂಬ ಗುರುಗಳು, ಭೂಕಂಪಕ್ಕೆ ನಿಜವಾದ ಕಾರಣ ಜನರ ಪಾಪವೆಂದು ಪುಸ್ತಿಕೆ ಹೊರಡಿಸಿದರು. ಪಶ್ಚಾತ್ತಾಪ ಎಂದಿಗೂ ಬೇಕಾದುದೇ. ಆದರೆ ಪಶ್ಚಾತ್ತಾಪಪಟ್ಟವನೂ ತೊಲೆಯಿಲ್ಲದ ಗೋಡೆಯ ಕೆಳಗೆ ಮಲಗಬಾರದು. ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿಂಗಡಿಸುವಾಗ ಮುಂದಾಲೋಚನೆಯನ್ನು ಅದರ ಮುಖ್ಯ ಅಂಗವೆಂದು ಎಣಿಸಿದ್ದಾರೆ. ‘ಎಲ್ಲ ದೇವರ ಚಿತ್ತ ಫಾದರ್’ ಎಂದು ನಿಟ್ಟುಸಿರಿಡುವ ನಮ್ಮ ಹಿರಿಯರಿಗೆ ನಾವು ಈ ಮಾತನ್ನು ಆಗಾಗ ಹೇಳುವುದುಂಟು.

ಲಿಸ್ಬನ್ ದೂರವಾಯಿತೆನ್ನುವವರು ಮಡಿಕೇರಿಯ ಕಡೆ ನೋಡಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದು ಊರಿಗೆ ಊರೇ ಮನೆ ತೊರೆದು ಹೊರಟಿತು. ಜಂಬೂರು, ಮದೆನಾಡು ಮುಂತಾದೆಡೆ ನಿರಾಶ್ರಿತರಿಗೆ ಹೊಸ ಮನೆಗಳು ಎದ್ದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕಾಗಿ ಕಡಿದಿದ್ದ ಗುಡ್ಡ ಕುಸಿದು, ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಗೆ ಬಿತ್ತು. ಚಹಾದಂಗಡಿ, ಲಾರಿ, ಜನ ಎಲ್ಲವೂ ಅದರೊಡನೆ ಹೋದವು. ಅದೇ ತಿಂಗಳ 30ರಂದು ಗಡಿಯಾಚೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಒಂದೇ ರಾತ್ರಿ 250ಕ್ಕೂ ಹೆಚ್ಚು ಮಂದಿ ಮಣ್ಣುಪಾಲಾದರು. ಇದಾದ ನಾಲ್ಕು ತಿಂಗಳಿಗೆ, ನವೆಂಬರ್‌ನಲ್ಲಿ, 15 ರಾಜ್ಯಗಳ ಭೂಕುಸಿತದ ಅಪಾಯ ತಗ್ಗಿಸಲು ರಾಷ್ಟ್ರೀಯ ಉಪಶಮನ ನಿಧಿಯಿಂದ 1,000 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಒಪ್ಪಿಗೆಯಿತ್ತಿತು. ಅದರಲ್ಲಿ ಕರ್ನಾಟಕಕ್ಕೆ 72 ಕೋಟಿ, ಕೇರಳಕ್ಕೂ 72 ಕೋಟಿ.

ಎಪ್ಪತ್ತೆರಡು ಕೋಟಿ ಎಂಬುದು ಕೇಳಲು ದೊಡ್ಡ ಮೊತ್ತ, ಬೆಳಗಾವಿಯಿಂದ ಕೊಡಗಿನವರೆಗಿನ ಘಟ್ಟದ ಉದ್ದಕ್ಕೆ ಹಂಚಿದರೆ ಬಲು ಚಿಕ್ಕದು. ಹಾಗಾಗಿ ಯಾವ ಗುಡ್ಡ, ಯಾವ ಮನೆ ಎಂಬ ಪ್ರಶ್ನೆಯೇ ಮುಖ್ಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದೇಶದ ಗುಡ್ಡಗಾಡುಗಳ ಭೂಕುಸಿತದ ಸಂಭವವನ್ನು ತೋರಿಸುವ ನಕ್ಷೆಗಳನ್ನು ತಯಾರಿಸಿದೆ, ಪಶ್ಚಿಮಘಟ್ಟವೂ ಅದರಲ್ಲಿದೆ. ಆದರೆ ಆ ನಕ್ಷೆಯ ಅಳತೆ 50,000ಕ್ಕೆ 1. ಎಂದರೆ ನಕ್ಷೆಯ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಕಣಿವೆ ಕಾಣುತ್ತದೆ, ಮನೆ ಕಾಣುವುದಿಲ್ಲ. ಹಿತ್ತಲಿನ ದರೆಯನ್ನು ಕಾಣಬಲ್ಲವರು ಆ ಹಿತ್ತಲಿನವರು ಮಾತ್ರ.

ನಮ್ಮ ಧರ್ಮಕೇಂದ್ರದ ಒಂದು ವಾಳೆಯಲ್ಲಿ ಅಂತಹದೊಂದು ಮನೆಯಿದೆ. ಗುಡ್ಡವನ್ನು ನೆಟ್ಟಗೆ ಕಡಿದು ಸಮತಟ್ಟು ಮಾಡಿದ ಐದು ಸೆಂಟ್ಸ್ ಜಾಗ. ಮೇಲ್ಪದರ ಮುರಕಲ್ಲು, ಅದರ ಕೆಳಗೆ ನೀರು ಕುಡಿದರೆ ಬೆಣ್ಣೆಯಂತಾಗುವ ಜೇಡಿ. ಮನೆಯ ಯಜಮಾನ ತೀರಿಹೋಗಿ ವರ್ಷಗಳಾದವು; ತಾಯಿ ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸಿದ್ದಾರೆ. ಒಂದು ಆಟಿ ತಿಂಗಳಲ್ಲಿ ದರೆ ಜರಿದು ಅಡುಗೆಕೋಣೆಯ ಗೋಡೆ ಬಿತ್ತು. ಅರ್ಜಿ ಕೊಟ್ಟ ಮೇಲೆ ಪರಿಹಾರ ಬಂತು, ಗೋಡೆ ಎದ್ದಿತು. ಅದೇ ಜಾಗದಲ್ಲಿ, ಅದೇ ದರೆಗೆ ಬೆನ್ನು ಕೊಟ್ಟು. ಮರುವರ್ಷ ಮಳೆಗೆ ಮೊದಲೇ, ದರೆಯ ನೆತ್ತಿಯಲ್ಲಿ ಬಿರುಕು ಬಿಟ್ಟಿದೆ, ಮೇಲಿನ ನೀರನ್ನು ಬದಿಗೆ ತಿರುಗಿಸುವ ಒಂದು ಕಣಿಯಾದರೂ ಆಗಲೆಂದು ಆಕೆ ಮತ್ತೆ ಅರ್ಜಿ ಬರೆಸಿಕೊಂಡು ಹೋದರು. ಹಾನಿಯಾದ ಮೇಲೆ ಬನ್ನಿ ಎಂಬ ಉತ್ತರ ದೊರೆಯಿತು. ‘ಬಿದ್ದ ಮೇಲೆ ಎಲ್ಲರೂ ಬರುತ್ತಾರೆ ಫಾದರ್, ಬೀಳುತ್ತದೆ ಎಂದರೆ ಯಾರೂ ಬರುವುದಿಲ್ಲ’ ಎಂದು ಆ ಬಾಯಮ್ಮ ನಮ್ಮೊಡನೆ ಹೇಳಿದರು. ಉತ್ತರ ಕೊಟ್ಟ ಗುಮಾಸ್ತನನ್ನು ದೂಷಿಸಿ ಫಲವಿಲ್ಲ. ಅವನ ಮೇಜಿನ ಮೇಲೆ ಇದ್ದುದು ಹಾನಿಯ ನಮೂನೆ ಮಾತ್ರ. ಹಾನಿಯಾಗದಿರುವುದಕ್ಕೆ ನಮೂನೆ ಇರಲಿಲ್ಲ.

ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸಿವೆ? ಅಮೆರಿಕದಲ್ಲಿ ಇಂತಹ ಅನುದಾನ 1988ರ ಸ್ಟಾಫರ್ಡ್ ಕಾಯ್ದೆಯಿಂದ ಬಂದುದು. 1993ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ ನಡುನಾಡನ್ನೆಲ್ಲ ಮುಳುಗಿಸಿದಾಗ, ಆ ವರ್ಷದ ಕೊನೆಗೆ ಕಾನೂನನ್ನು ತಿದ್ದಿ ಕೇಂದ್ರದ ಪಾಲನ್ನು ನೂರಕ್ಕೆ 50ರಿಂದ 75ಕ್ಕೆ ಏರಿಸಿದರು. ಆ ಹಣದಿಂದ ನದಿಬದಿಯ ಸಾವಿರಾರು ಮನೆಗಳನ್ನು ಸರಕಾರವೇ ಕ್ರಯಕ್ಕೆ ಕೊಂಡು ಕೆಡವಿತು. ಶರತ್ತು ಒಂದೇ: ಆ ನೆಲ ಎಂದೆಂದಿಗೂ ಬಯಲಾಗಿ ಉಳಿಯಬೇಕು, ಮತ್ತೆ ಮನೆ ಕಟ್ಟಕೂಡದು. ಇಲಿನಾಯ್ ರಾಜ್ಯದ ವಾಲ್ಮೇಯರ್ ಎಂಬ, ಸುಮಾರು 900 ಜನರ ಹಳ್ಳಿಯೊಂದು ಸಂಪೂರ್ಣವಾಗಿ ಎದ್ದು ಪಕ್ಕದ ದಿಣ್ಣೆಯ ಮೇಲೆ ಹೊಸದಾಗಿ ನೆಲೆನಿಂತಿತು. ಎಲ್ಲರೂ ಹೋಗಲಿಲ್ಲ, ಕೆಲವರು ಬೇರೆ ಊರು ಹಿಡಿದರು, ಕೆಲವರು ಹಳೆಯ ಜಾಗ ಬಿಡಲೊಪ್ಪಲಿಲ್ಲ. ಅಜ್ಜ ನೆಟ್ಟ ಹಲಸಿನ ಮರವನ್ನೂ ಹಿರಿಯರ ಗೋರಿಗಳನ್ನೂ ಬಿಟ್ಟು ಹೊರಡುವುದೆಂದರೇನೆಂದು ಕೊಡಗಿನವರನ್ನು ಕೇಳಿದರೆ ಹೇಳಿಯಾರು. ಇಂತಹ ಅನುದಾನಗಳ ಫಲಾಫಲವನ್ನು ಆ ದೇಶದ ರಾಷ್ಟ್ರೀಯ ಕಟ್ಟಡ ವಿಜ್ಞಾನ ಸಂಸ್ಥೆ ತೂಗಿನೋಡಿ, ಒಂದು ಡಾಲರ್ ಖರ್ಚಿಗೆ ನಾಲ್ಕು ಡಾಲರ್‌ಗಳ ನಷ್ಟ ತಪ್ಪಿತೆಂದು 2005ರಲ್ಲಿ ಹೇಳಿತು. 2019ರ ಹೊಸ ಲೆಕ್ಕದಲ್ಲಿ ಅದು ಆರು ಡಾಲರ್‌ಗಳಾಯಿತು.

ನಮ್ಮ ದೇಶದಲ್ಲಿಯೂ ಒಡಿಶಾದ ಉದಾಹರಣೆ ಇದೆ. 1999ರ ಅಕ್ಟೋಬರಿನ ಚಂಡಮಾರುತಕ್ಕೆ ಅಲ್ಲಿ ಸುಮಾರು 10,000 ಜನ ಬಲಿಯಾದರು. ಮುಂದಿನ ವರ್ಷಗಳಲ್ಲಿ ಕಡಲತಡಿಯಲ್ಲಿ ಎತ್ತರದ ಆಶ್ರಯ ಕಟ್ಟಡಗಳು, ಅವುಗಳಿಗೆ ಹೋಗುವ ರಸ್ತೆ, ಹಳ್ಳಿಹಳ್ಳಿಗೆ ಮುನ್ಸೂಚನೆ ತಲುಪಿಸುವ ಏರ್ಪಾಡು ಎಲ್ಲವೂ ಆದವು. 2013ರಲ್ಲಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಯಿತು. ಸತ್ತವರು ಐವತ್ತಕ್ಕಿಂತ ಕಡಿಮೆ. ರಾಷ್ಟ್ರೀಯ ಚಂಡಮಾರುತ ಅಪಾಯ ಉಪಶಮನ ಯೋಜನೆಯ ಎರಡನೆಯ ಹಂತದಲ್ಲಿ ಕರ್ನಾಟಕವೂ ಸೇರಿದುದರಿಂದ ನಮ್ಮ ಕರಾವಳಿಯಲ್ಲಿಯೂ ಇಂತಹ ಆಶ್ರಯ ಕೇಂದ್ರಗಳು ಎದ್ದಿವೆ.

ಇಷ್ಟೆಲ್ಲ ಇದ್ದೂ ಮೊದಲೇ ಖರ್ಚು ಮಾಡುವುದಕ್ಕೆ ಆಳುವವರಿಗೆ ಉತ್ಸಾಹ ಕಡಿಮೆಯೇಕೆ? ಕಾರಣ ಗಹನವಾದುದೇನಲ್ಲ. ಬಿದ್ದ ಮನೆಯ ಮುಂದೆ ನಿಂತು ಚೆಕ್ಕು ಕೊಟ್ಟವರ ಮುಖ ಜನರ ನೆನಪಿನಲ್ಲುಳಿಯುತ್ತದೆ. ಬೀಳದೆ ಉಳಿದ ಮನೆಯ ಮುಂದೆ ಯಾರು ನಿಂತರೂ ಅದು ಬರೇ ಮನೆ. ನಡೆಯದೆಹೋದ ಕೇಡಿಗೆ ಸಾಕ್ಷಿಯಿಲ್ಲ. ತರ್ಕಶಾಸ್ತ್ರದವರು ಅಭಾವವೆಂದು ಕರೆಯುವ ಈ ಸಂಗತಿಗೆ ಮತಪೆಟ್ಟಿಗೆಯಲ್ಲಿ ಸ್ಥಾನವಿಲ್ಲ. ಹಾಗೆಂದು ತಪ್ಪು ಆಳುವವರದು ಮಾತ್ರವಲ್ಲ. ಗಲ್ಫಿನ ಬೆವರಿನ ಹಣದಿಂದ ಎದ್ದ ಎಷ್ಟೋ ಚೆಂದದ ಮನೆಗಳು ಬೈಲುಗದ್ದೆಯನ್ನು ತುಂಬಿಸಿದ ನೆಲದ ಮೇಲೆ ನಿಂತಿವೆ. ಮೊದಲು ಗದ್ದೆ ಕುಡಿಯುತ್ತಿದ್ದ ನೀರು ಈಗ ನೆರೆಯವರ ಅಂಗಳಕ್ಕೆ ನುಗ್ಗುತ್ತದೆ. ಅಂತಹ ಕಡೆ ಸರಕಾರದ ಅನುದಾನ ಬಂದರೂ ತೋಡಿಗೆ ಜಾಗ ಬಿಡುವವರು ಯಾರು?

ಕೇಳುವ ದಾರಿ ಕಾನೂನಿನಲ್ಲಿಯೇ ಇದೆ. ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ವಿಪತ್ತು ನಿರ್ವಹಣಾ ಪ್ರಾಧಿಕಾರವಿದೆ. ಅದು ಜಿಲ್ಲೆಯ ಯೋಜನೆಯೊಂದನ್ನು ಬರೆಯಬೇಕು, ಪ್ರತಿವರ್ಷ ಅದನ್ನು ಪರಿಷ್ಕರಿಸಬೇಕು. ಅಪಾಯಕ್ಕೊಳಗಾಗಬಹುದಾದ ಸ್ಥಳಗಳು ಯಾವುವು, ಅಲ್ಲಿ ಹಾನಿ ತಡೆಯಲು ಏನು ಮಾಡಬೇಕು ಎಂಬುದು ಆ ಯೋಜನೆಯಲ್ಲಿ ಇರಲೇಬೇಕಾದ ಅಂಶ. ಅದರಲ್ಲಿ ಹೆಸರಿಲ್ಲದ ಗುಡ್ಡಕ್ಕೆ ಹಣ ಕೇಳುವುದು ಕಷ್ಟ. ಆದುದರಿಂದ ನಮ್ಮ ವಾಳೆಗಳ ಗುರ್ಕಾರರು, ನೆರೆಯ ಹಿಂದೂ ಮುಸಲ್ಮಾನ ಬಾಂಧವರನ್ನೂ ಕೂಡಿಕೊಂಡು, ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಮಧ್ಯಾಹ್ನ ತಮ್ಮ ಪ್ರದೇಶವನ್ನು ನಡೆದು ನೋಡುವುದು ಒಳ್ಳೆಯದು. ದರೆಯ ಎತ್ತರವೆಷ್ಟು, ಮನೆಯ ಗೋಡೆಗೂ ಅದಕ್ಕೂ ಅಂತರವೆಷ್ಟು, ನೆತ್ತಿಯಲ್ಲಿ ಬಿರುಕಿದೆಯೇ, ಮೇಲಿನ ನೀರು ಎಲ್ಲಿ ಇಳಿಯುತ್ತದೆ, ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಸಲ ಮಣ್ಣು ಜರಿದಿದೆ, ಮನೆಯಲ್ಲಿ ಮಲಗುವವರು ಎಷ್ಟು ಮಂದಿ ಎಂಬಿಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಸರ್ವೆ ನಂಬ್ರ ನಮೂದಿಸಿ, ಗ್ರಾಮಸಭೆಯಲ್ಲಿ ಓದಿ ನಡಾವಳಿಗೆ ಸೇರಿಸಬೇಕು. ಪ್ರತಿಯೊಂದನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟು, ಜಿಲ್ಲೆಯ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕೆಂದು ಕೋರಿ ಸ್ವೀಕೃತಿ ಪಡೆಯಬೇಕು. ಅರ್ಜಿಯ ಮೇಲ್ಗಡೆ ‘ಪರಿಹಾರ’ ಎಂಬ ಪದವನ್ನು ಬರೆಯದೆ ‘ರಾಜ್ಯ ವಿಪತ್ತು ಉಪಶಮನ ನಿಧಿಯಿಂದ’ ಎಂದೇ ಬರೆಯಬೇಕು. ಇಲ್ಲವಾದರೆ ಅದು ಹಾನಿಯ ಕಡತಕ್ಕೆ ಸೇರಿ, ಹಾನಿಯಾಗುವವರೆಗೆ ಅಲ್ಲಿಯೇ ಮಲಗಿರುತ್ತದೆ.